ಏಳನೇ ಸ್ಥಾನದ ಟ್ಯಾಂಕ್

ಕಳೆದ ಮಳೆಗಾಲದಲ್ಲಿ ನಮ್ಮ ಸಂಶೋಧನಾ ಕೊಠಡಿಯಲ್ಲೊಂದು ಆಟ ಶುರುವಾಯಿತು. ಊಟದ ಡಬ್ಬಿ ತೊಳೆದಿಟ್ಟು ಮತ್ತೆ ಪುಸ್ತಕಗಳ ಮುಂದೆ ಕೂರುವ ಮುಂಚಿನ ಅರ್ಧ ಗಂಟೆಯ ಆಟ. ನಾವು ಐದು ಜನ. ಪ್ರತಿಯೊಬ್ಬರೂ ಈವರೆಗೆ ಆಡಿದ ವಿಡಿಯೋ ಗೇಮುಗಳಲ್ಲಿ ತಮಗೆ ಅತಿ ಪ್ರಿಯವಾದ ಹತ್ತನ್ನು ಸ್ಥಾನ ಕೊಟ್ಟು ಒಂದು ಚೀಟಿಯಲ್ಲಿ ಬರೆಯಬೇಕು. ಹೆಸರು ಹಾಕುವಂತಿಲ್ಲ. ಚೀಟಿಗಳನ್ನು ಕಲಸಿ, ಒಂದೊಂದಾಗಿ ತೆಗೆದು, ಹತ್ತನೆಯದರಿಂದ ಮೇಲಕ್ಕೆ ಓದುತ್ತಾ ಹೋಗುವುದು. ಇದು ಯಾರ ಪಟ್ಟಿ ಎಂದು ಉಳಿದವರು ಊಹಿಸುವುದು. ಬೇಗ ಹೇಳಿದಷ್ಟೂ ಹೆಚ್ಚು ಅಂಕ. ಒಂದನೇ ಸ್ಥಾನದಲ್ಲಿರುವ ಆಟವನ್ನು ಓದುವ ಮೊದಲೇ ಹೇಳಿಬಿಟ್ಟರೆ ಚೀಟಿಯ ಯಜಮಾನ ಚಹಾ ಕೊಡಿಸಬೇಕು.

ಇತಿಹಾಸ ಓದುವವರ ಕೈಗೆ ಇಂಥದ್ದು ಸಿಕ್ಕರೆ ಅದು ಆಟವಾಗಿ ಉಳಿಯುವುದಿಲ್ಲ. ನನ್ನ ಸಂಶೋಧನೆ ಕನ್ನಡ ಹಸ್ತಪ್ರತಿಗಳ ಸೂಚಿಗಳ ಮೇಲೆ. ಅಂದರೆ ದಿನವಿಡೀ ನಾನು ಓದುವುದು ಪಟ್ಟಿಗಳನ್ನೇ. ಯಾವ ಕೃತಿ ಪಟ್ಟಿಗೆ ಬಂತು, ಯಾವುದು ಬರಲಿಲ್ಲ, ಪಟ್ಟಿ ಮಾಡಿದವರ ಕೈಗೆ ಅದು ಯಾವ ದಾರಿಯಿಂದ ಬಂತು ಎನ್ನುವುದೇ ನನ್ನ ಕಸುಬು. ಆದರೂ ನನ್ನದೇ ಚೀಟಿ ಬರೆಯುವಾಗ ಈ ಯಾವ ಪ್ರಶ್ನೆಯೂ ತಲೆಗೆ ಬರಲಿಲ್ಲ. ಅದರ ಫಲವನ್ನು ಆಮೇಲೆ ಉಂಡೆ.

ಮೊದಲ ಚೀಟಿ. ಹತ್ತು, ಪ್ರಾಜೆಕ್ಟ್ ಐಜಿಐ. ಒಂಬತ್ತು, ಕ್ರಿಕೆಟ್ 07. ಎಂಟು, ನೀಡ್ ಫಾರ್ ಸ್ಪೀಡ್ ಮೋಸ್ಟ್ ವಾಂಟೆಡ್. ಅಷ್ಟರಲ್ಲೇ ಮೂರು ಜನ ಒಟ್ಟಿಗೆ ಬೆರಳು ತೋರಿಸಿದರು: ರಾಯಚೂರಿನ ಗೆಳೆಯ, ಶಾಸನಗಳ ಮೇಲೆ ಕೆಲಸ ಮಾಡುವವನು. ಅವನು ನಕ್ಕು ಒಪ್ಪಿಕೊಂಡ. ಒಂದನೆಯದು ವೈಸ್ ಸಿಟಿ ಎಂದೂ ಹೇಳಿದೆವು, ಅದೂ ಸರಿ. ಚಹಾ ಬಂತು.

ಹೇಗೆ ಗೊತ್ತಾಯಿತು? ಅವನ ಅಭಿರುಚಿ ಗೊತ್ತಿದ್ದರಿಂದಲ್ಲ. ಅವನು 1994ರಲ್ಲಿ ಹುಟ್ಟಿದವನು, ಜಿಲ್ಲಾ ಕೇಂದ್ರದಲ್ಲಿ ಬೆಳೆದವನು, ಹೈಸ್ಕೂಲು ಸೇರುವ ಹೊತ್ತಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಸೈಬರ್ ಕೆಫೆಗಳಿದ್ದವು, ಕೈಯಲ್ಲಿ ಗಂಟೆಗೆ ಹದಿನೈದು ರೂಪಾಯಿ ಇರುತ್ತಿತ್ತು. ಇಷ್ಟು ಗೊತ್ತಿದ್ದರೆ ಪಟ್ಟಿಯನ್ನು ನಾವೇ ಬರೆದುಕೊಡಬಹುದಿತ್ತು. ಅವನ ಪಟ್ಟಿ ಅವನ ಪಟ್ಟಿಯೇ ಅಲ್ಲ. ಆ ಕೆಫೆಯ ಆರು ಕಂಪ್ಯೂಟರುಗಳ ಪಟ್ಟಿ. ಸ್ಕಾಟ್ಲೆಂಡಿನ ಎಡಿನ್‌ಬರೋದ ಕಂಪನಿಯೊಂದು 2002ರಲ್ಲಿ ಹೊರತಂದ, 1986ರ ಮಿಯಾಮಿಯಂಥ ಊರಿನಲ್ಲಿ ನಡೆಯುವ ವೈಸ್ ಸಿಟಿ, ರಾಯಚೂರಿನ ಹುಡುಗರ ಕೈಯಲ್ಲಿ ಒಂದು ಸಾಮೂಹಿಕ ಕಥೆಯಾಗಿತ್ತಂತೆ. ಹಿಂದಿನ ದಿನ ಯಾರೋ ಸೇವ್ ಮಾಡಿಟ್ಟ ಜಾಗದಿಂದ ಇವನು ಮುಂದುವರಿಸುತ್ತಿದ್ದ. ಇವನು ಬಿಟ್ಟಲ್ಲಿಂದ ಮಾರನೆಯ ದಿನ ಮತ್ತೊಬ್ಬ. ಕಥೆಯ ಮೊದಲ ಭಾಗವನ್ನು ಅವನು ಇವತ್ತಿಗೂ ನೋಡಿಲ್ಲ. 'ಮೊದಲ ಗರಿಗಳು ಸಿಗದ ತಾಳೆಗರಿ ಕಟ್ಟಿನ ಹಾಗೆ' ಎಂದ, ನನ್ನ ಕಡೆ ನೋಡಿ.

ಪ್ರಾಜೆಕ್ಟ್ ಐಜಿಐ ಬಗ್ಗೆ ಒಂದು ಮಾತು ಹೇಳಲೇಬೇಕು. ನಾರ್ವೆಯ ಇನ್ನರ್‌ಲೂಪ್ ಎಂಬ ಸಂಸ್ಥೆ 2000ದಲ್ಲಿ ಮಾಡಿದ ಆಟವದು. ಒಂದು ಕಾರ್ಯಾಚರಣೆಯ ನಡುವೆ ಎಲ್ಲಿಯೂ ಸೇವ್ ಮಾಡಲಾಗದು ಎಂದು ಪಾಶ್ಚಾತ್ಯ ವಿಮರ್ಶಕರು ಆಗಲೇ ಗೊಣಗಿದ್ದರು. ಅವರ ಶ್ರೇಷ್ಠ ಆಟಗಳ ಪಟ್ಟಿಗಳಲ್ಲಿ ಅದನ್ನು ಹುಡುಕುವುದು ವ್ಯರ್ಥ. ನಮ್ಮಲ್ಲಿ ಮಾತ್ರ ಆ ವಯಸ್ಸಿನ ಹುಡುಗರಲ್ಲಿ ಐಜಿಐ ಆಡದವನನ್ನು ಹುಡುಕುವುದು ಕಷ್ಟ. ಹಳೆಯ ಕಂಪ್ಯೂಟರಿನಲ್ಲೂ ಓಡುತ್ತಿತ್ತು, ಒಂದೇ ಸಿ.ಡಿ.ಯಲ್ಲಿ ಕೈಯಿಂದ ಕೈಗೆ ಬರುತ್ತಿತ್ತು. ಸಾಹಿತ್ಯದಲ್ಲಾದರೆ ಇಂಥದ್ದನ್ನು ಜನಪ್ರಿಯ ಪಠ್ಯ ಎಂದು ಕರೆದು ಅದರ ಮೇಲೊಂದು ವಿಚಾರಸಂಕಿರಣ ಮಾಡುತ್ತಿದ್ದೆವು.

ಎರಡನೇ ಚೀಟಿಯಲ್ಲಿ ಹತ್ತು ಹೆಸರುಗಳೇ ಇರಲಿಲ್ಲ, ನಾಲ್ಕಿದ್ದವು. ನಾಲ್ಕು, ಸ್ಪೇಸ್ ಇಂಪ್ಯಾಕ್ಟ್. ಮೂರು, ಡೇವ್. ಎರಡು, ಬ್ರಿಕ್ ಗೇಮ್. ಒಂದು, ನೋಕಿಯಾದ ಹಾವು. ಯಾರದೆಂದು ಎಲ್ಲರಿಗೂ ಗೊತ್ತಾಯಿತು, ಆದರೆ ಯಾರೂ ತಕ್ಷಣ ಹೇಳಲಿಲ್ಲ. ಐವರಲ್ಲಿ ಅವಳೊಬ್ಬಳೇ ಹುಡುಗಿ, ಕುಂದಾಪುರದ ಕಡೆಯವಳು.

'ಹತ್ತು ಬರೀಬೇಕಿತ್ತು' ಎಂದ ಒಬ್ಬ.

'ಹತ್ತು ಆಡಿದ್ರೆ ಬರೀತಿದ್ದೆ ಮಾರಾಯ. ಸೈಬರಿಗೆ ನಾನು ಹೋದದ್ದು ಎರಡು ಸಲ, ಎರಡೂ ಸಲ ರಿಸಲ್ಟ್ ನೋಡ್ಲಿಕ್ಕೆ, ಅಪ್ಪನ ಒಟ್ಟಿಗೆ.'

ಅವಳ ನಾಲ್ಕರ ಪಟ್ಟಿ ನಮ್ಮೆಲ್ಲರ ಪಟ್ಟಿಗಳಿಗಿಂತ ಹೆಚ್ಚು ಇತಿಹಾಸ ಹೇಳುತ್ತದೆ ಎಂದು ನನಗೆ ಆಮೇಲೆ ಅನ್ನಿಸಿತು. ಹಾವನ್ನೇ ನೋಡಿ. ಬೆಳೆಯುತ್ತಾ ತನ್ನ ಬಾಲಕ್ಕೆ ತಾನೇ ತಗುಲಿ ಸಾಯುವ ಗೆರೆಯ ಆಟದ ಮೂಲ 1976ರ ಬ್ಲಾಕೇಡ್ ಎಂಬ ಆರ್ಕೇಡ್ ಯಂತ್ರದಲ್ಲಿದೆ. ಅದನ್ನು 1997ರಲ್ಲಿ ನೋಕಿಯಾ 6110 ಫೋನಿಗೆ ಇಳಿಸಿದವರು ಫಿನ್ಲೆಂಡಿನ ಎಂಜಿನಿಯರ್ ತನೇಲಿ ಅರ್ಮಾಂಟೊ. 2003ರ ನೋಕಿಯಾ 1100ರ ಹೊತ್ತಿಗೆ ಅದು ನಮ್ಮ ಹಳ್ಳಿಗಳ ಅಂಗಿಜೇಬಿಗೂ ಬಂದಿತ್ತು. ಕೆಫೆಗೆ ಕಳಿಸದ ಮನೆಯವರೂ ಅಪ್ಪನ ಫೋನನ್ನು ಮಗಳ ಕೈಗೆ ಹತ್ತು ನಿಮಿಷ ಕೊಡುತ್ತಿದ್ದರು. ಬ್ರಿಕ್ ಗೇಮ್ ಅಂದರೆ ಜಾತ್ರೆಯಲ್ಲಿ ಸಿಗುತ್ತಿದ್ದ, ಎರಡು ಸೆಲ್ ಹಾಕುವ, ಬೂದುಬಣ್ಣದ ಪರದೆಯ ಸಾಧನ. ಅದರಲ್ಲಿದ್ದದ್ದು ಟೆಟ್ರಿಸ್. ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ ಅಲೆಕ್ಸಿ ಪಜಿಟ್ನೋವ್ 1984ರಲ್ಲಿ ಅದನ್ನು ರೂಪಿಸಿದರು. ಹಕ್ಕುಗಳು ಸೋವಿಯತ್ ಸರ್ಕಾರದ ಕೈಯಲ್ಲಿದ್ದವು. ಆಟ ಜಗತ್ತನ್ನೆಲ್ಲ ಸುತ್ತಿದ ಮೇಲೆ, 1996ರಿಂದ ಆಚೆಗಷ್ಟೇ ಅವರಿಗೆ ಗೌರವಧನ ಬರಲು ಶುರುವಾಯಿತು. ಕುಂದಾಪುರದ ಹಬ್ಬದ ಅಂಗಡಿಯಲ್ಲಿ ಮಾರಿದ ಬ್ರಿಕ್ ಗೇಮಿನಿಂದ ಅವರಿಗೇನೂ ಹೋಗಿರಲಾರದು.

ಇನ್ನು ಡೇವ್. ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ, ಚಪ್ಪಲಿ ಹೊರಗೆ ಬಿಟ್ಟು, ಇಬ್ಬರಿಗೊಂದು ಕುರ್ಚಿಯಲ್ಲಿ ಕೂತು ಆಡಿದ ಡೇಂಜರಸ್ ಡೇವ್. ಬಟ್ಟಲು ತೆಗೆದುಕೊಂಡರೆ ಬಾಗಿಲು ತೆರೆಯುವ ಆ ಆಟವನ್ನು ಬರೆದವರು ಜಾನ್ ರೊಮೆರೊ, 1988ರಲ್ಲಿ. ಇದೇ ರೊಮೆರೊ 1993ರಲ್ಲಿ ಡೂಮ್ ಮಾಡಿದ ತಂಡದಲ್ಲಿದ್ದರು. ಅಮೆರಿಕದ ರಾಚೆಸ್ಟರ್‌ನ ಸ್ಟ್ರಾಂಗ್ ಮ್ಯೂಸಿಯಂ 2015ರಲ್ಲಿ ವಿಡಿಯೋ ಗೇಮುಗಳ ಹಾಲ್ ಆಫ್ ಫೇಮ್ ಆರಂಭಿಸಿದಾಗ ಮೊದಲು ಆರಿಸಿದ ಆರರಲ್ಲಿ ಡೂಮ್ ಇತ್ತು. ಪಾಂಗ್, ಪ್ಯಾಕ್-ಮ್ಯಾನ್, ಟೆಟ್ರಿಸ್, ಸೂಪರ್ ಮಾರಿಯೋ ಬ್ರದರ್ಸ್, ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಉಳಿದ ಐದು. ಒಬ್ಬನೇ ಮನುಷ್ಯನ ಕೆಲಸದಲ್ಲಿ ಅವರಿಗೆ ಡೂಮ್ ಮುಖ್ಯ, ನಮ್ಮ ಲ್ಯಾಬಿನ ಪೀಳಿಗೆಗೆ ಡೇವ್. ಲ್ಯಾಬಿನ ಮೇಷ್ಟ್ರು ಫ್ಲಾಪಿಯಲ್ಲಿ ಏನು ತಂದರು ಎಂಬುದರ ಮೇಲೆ ನಿಂತ ವ್ಯತ್ಯಾಸ ಅದು.

ಮೂರನೆಯ, ನಾಲ್ಕನೆಯ ಚೀಟಿಗಳು ಬೆಂಗಳೂರಿನಲ್ಲಿ ಬೆಳೆದ ಇಬ್ಬರವು. ಪ್ಲೇಸ್ಟೇಷನ್, ಮನೆಯಲ್ಲೇ ಬ್ರಾಡ್‌ಬ್ಯಾಂಡ್. ಅವರಿಬ್ಬರನ್ನೂ ನಾವು ಅದಲುಬದಲು ಮಾಡಿದೆವು, ಯಾರಿಗೂ ಬೇಜಾರಾಗಲಿಲ್ಲ.

ಐದನೆಯದು ನನ್ನದು.

ಹತ್ತರಿಂದ ಓದುತ್ತಾ ಬಂದರು. ಒಂದೊಂದು ಹೆಸರಿಗೂ ಕೊಠಡಿಯಲ್ಲಿ ಮೌನ. ನಾಲ್ಕು ಚೀಟಿ ಮುಗಿದಿದ್ದರಿಂದ ಉಳಿದದ್ದು ನಾನೊಬ್ಬನೇ ಎಂದು ಲೆಕ್ಕದಿಂದ ಹೇಳಬಹುದಿತ್ತು. ಆದರೂ ಶಾಸನದವನು ತಲೆಯಾಡಿಸಿದ. ಮೂರು, ಶ್ಯಾಡೋ ಆಫ್ ದ ಕೊಲೋಸಸ್. ಎರಡು, ಹಾಫ್-ಲೈಫ್ 2. ಒಂದು, ದ ಲೆಜೆಂಡ್ ಆಫ್ ಜೆಲ್ಡಾ: ಒಕಾರಿನಾ ಆಫ್ ಟೈಮ್.

'ಇದು ಕೂಟಶಾಸನ' ಎಂದ ಅವನು.

ಕೂಟಶಾಸನ ಎಂದರೆ ಕಾಲಾನಂತರ ಯಾರೋ ತಮ್ಮ ಅನುಕೂಲಕ್ಕೆ ಹುಟ್ಟಿಸಿದ ಸುಳ್ಳು ದಾಖಲೆ. ಹೇಳುವ ಕಾಲ ಒಂದು, ಲಿಪಿಯ ಕಾಲ ಇನ್ನೊಂದು. ಅವನು ಚೀಟಿಯನ್ನು ಕೈಗೆ ತೆಗೆದುಕೊಂಡು ಶಾಸನ ಓದುವ ಗತ್ತಿನಲ್ಲೇ ವಿವರಿಸಿದ. 'ಒಂದನೇ ಸಾಲು ನಿಂಟೆಂಡೊ 64ರದ್ದು. ಏಳನೇ ಸಾಲಿನಲ್ಲಿ ಟ್ಯಾಂಕ್ ಅಂತ ಇದೆ. ಬ್ಯಾಟಲ್ ಸಿಟಿ ಅಂತ ಸಹ ಅಲ್ಲ, ಟ್ಯಾಂಕ್. ಮನೆಯಲ್ಲಿ ನಿಂಟೆಂಡೊ 64 ಇದ್ದವ ಅದನ್ನ ಟ್ಯಾಂಕ್ ಅಂತ ಕರೆಯಂಗಿಲ್ಲ. ಟ್ಯಾಂಕ್ ಅಂದವನ ಮನೆಯಲ್ಲಿ ನಿಂಟೆಂಡೊ 64 ಇರಂಗಿಲ್ಲ. ಏಳನೇ ಸಾಲು ಖರೆ, ಒಂದನೇ ಸಾಲು ಸುಳ್ಳು.'

ಎಲ್ಲರೂ ನಕ್ಕರು, ನಾನೂ ನಕ್ಕೆ. ಅವನು ಹೇಳಿದ್ದು ನಿಜವಾಗಿತ್ತು.

ಒಕಾರಿನಾ ಆಫ್ ಟೈಮ್ ನಾನು ಆಡಿದ್ದು ಇಪ್ಪತ್ತೆರಡನೇ ವಯಸ್ಸಿನಲ್ಲಿ, ಲ್ಯಾಪ್‌ಟಾಪಿನಲ್ಲಿ, ಎರಡು ಸಂಜೆ. ಮೂರನೇ ಸಂಜೆ ಬೇಸರವಾಗಿ ಬಿಟ್ಟೆ. ಆದರೆ ಅದು ಶ್ರೇಷ್ಠ ಎಂದು ನನಗೆ ಮೊದಲೇ ಗೊತ್ತಿತ್ತು. 1998ರಲ್ಲಿ ಜಪಾನಿನ ಫಮಿತ್ಸು ಪತ್ರಿಕೆಯ ನಾಲ್ವರು ವಿಮರ್ಶಕರೂ ಹತ್ತಕ್ಕೆ ಹತ್ತು ಕೊಟ್ಟು, ಆ ಪತ್ರಿಕೆಯಲ್ಲಿ ಮೊದಲ ಬಾರಿಗೆ 40ಕ್ಕೆ 40 ಪಡೆದ ಆಟ ಅದು. ವಿಮರ್ಶೆಗಳನ್ನು ಕೂಡಿಸಿ ಸರಾಸರಿ ತೆಗೆಯುವ ಮೆಟಾಕ್ರಿಟಿಕ್‌ನಲ್ಲಿ 100ಕ್ಕೆ 99. ನಮ್ಮಲ್ಲಿ ರತ್ನತ್ರಯರು ಎನ್ನುವುದಿಲ್ಲವೇ, ಹಾಗೆ. ಪಂಪ, ಪೊನ್ನ, ರನ್ನ ಎಂದು ಶಾಲಾ ಮಕ್ಕಳೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಪಂಪನನ್ನು ಓದುತ್ತೇವೆ, ರನ್ನನ ಗದೆ ಎಲ್ಲರಿಗೂ ಗೊತ್ತು. ಪೊನ್ನನ ಶಾಂತಿಪುರಾಣವನ್ನು ಪರೀಕ್ಷೆಯ ಹಂಗಿಲ್ಲದೆ ಓದಿದವರು ನಿಮ್ಮಲ್ಲಿ ಎಷ್ಟು ಜನ? (ಅವನ ಭುವನೈಕರಾಮಾಭ್ಯುದಯವನ್ನಂತೂ ಓದಲಾಗದು, ಅದು ಸಿಕ್ಕೇ ಇಲ್ಲ.) ಒಕಾರಿನಾ ನನ್ನ ಪೊನ್ನ. ಪಟ್ಟಿ ಹೇಳಿತು, ನಾನು ಕೈಮುಗಿದೆ.

ಆದರೆ ಹಾಗೆ ಕೈಮುಗಿಯುವಾಗ ಏಳನೇ ಸ್ಥಾನಕ್ಕೆ ತಳ್ಳಿದ ಆಟದ ಚರಿತ್ರೆಯೇ ಬೇರೆ.

2005ರ ಶಿವರಾತ್ರಿ. ಸಿದ್ಧಗಂಗೆಯ ಜಾತ್ರೆಗೆ ತಿಪಟೂರಿನ ಹತ್ತಿರದ ನಮ್ಮೂರಿನಿಂದ ಅಪ್ಪ ನಮ್ಮನ್ನು ಕರೆದುಕೊಂಡು ಹೋಗಿದ್ದರು. ದನಗಳ ಜಾತ್ರೆ ನೋಡಿ ಮುಗಿಸಿ, ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನದ ಸಾಲಿನಲ್ಲಿ ಬರುವಾಗ ಒಂದು ಮಳಿಗೆಯಲ್ಲಿ ದಪ್ಪ ಟಿವಿಯೊಂದರ ಮುಂದೆ ಹುಡುಗರು ಗುಂಪುಗೂಡಿದ್ದರು. ನನಗೆ ಎಂಟು ವರ್ಷ, ಅಕ್ಕನಿಗೆ ಹದಿಮೂರು. ಹಟ ಮಾಡಿದ್ದು ನಾನು. ಅಕ್ಕ ಏನೂ ಕೇಳಲಿಲ್ಲ. ಕೊಬ್ಬರಿ ರೇಟು ಆ ವರ್ಷ ಹೇಗಿದೆ ಎಂದು ಅವಳಿಗೆ ಗೊತ್ತಿತ್ತು. ಅಪ್ಪ ಚೌಕಾಸಿ ಮಾಡಿ ಪೆಟ್ಟಿಗೆ ಕೊಡಿಸಿದರು. ಎರಡು ರಿಮೋಟು, ಒಂದು ಕಪ್ಪು ಬಂದೂಕು, ಒಂದು ಹಳದಿ ಕ್ಯಾಸೆಟ್ಟು. ಕಾರ್ಟ್ರಿಡ್ಜ್ ಎಂಬ ಪದ ನಾನು ಕೇಳಿದ್ದು ಎಂ.ಎ.ಗೆ ಬಂದ ಮೇಲೆ.

ಆ ಪೆಟ್ಟಿಗೆ ಏನೆಂದು ಈಗ ಗೊತ್ತು. 1983ರ ಜುಲೈನಲ್ಲಿ ನಿಂಟೆಂಡೊ ಜಪಾನಿನಲ್ಲಿ 14,800 ಯೆನ್‌ಗೆ ಬಿಡುಗಡೆ ಮಾಡಿದ ಫ್ಯಾಮಿಕಾಂ ಯಂತ್ರದ ನಕಲು ಅದು. ಮೂಲವನ್ನು ವಿನ್ಯಾಸ ಮಾಡಿದ ತಂಡದ ಮುಖ್ಯಸ್ಥರು ಮಸಾಯುಕಿ ಉಯೆಮುರಾ. ಅದೇ ಯಂತ್ರ 1985ರಲ್ಲಿ ರೂಪ ಬದಲಿಸಿಕೊಂಡು ಎನ್‌ಇಎಸ್ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಹೋಯಿತು. ನಮ್ಮಂಥ ಕಡೆಗೆ ಬಂದದ್ದು ತೈವಾನ್, ಹಾಂಗ್‌ಕಾಂಗ್, ಚೀನಾಗಳ ನಕಲು ಪ್ರತಿಗಳು. ನನಗಿಂತ ಹತ್ತು ವರ್ಷ ದೊಡ್ಡವರು ಸಮುರಾಯ್, ಮೀಡಿಯಾ, ಲಿಟಲ್ ಮಾಸ್ಟರ್ ಎಂಬ ಹೆಸರುಗಳನ್ನು ಈಗಲೂ ಪ್ರೀತಿಯಿಂದ ಹೇಳುತ್ತಾರೆ. ನಮ್ಮ ಪೆಟ್ಟಿಗೆಯ ಮೇಲೆ ಹೆಸರೇ ಇರಲಿಲ್ಲ. ಒಂದು ದಿನ ಕೆಟ್ಟುಹೋದಾಗ ಬಿಚ್ಚಿ ನೋಡಿದರೆ ಒಳಗೆ ಇದ್ದದ್ದು ಅಂಗೈಯಗಲದ ಹಲಗೆ, ಅದರ ನಡುವೆ ಕಪ್ಪು ಅಂಟಿನ ಒಂದು ಬೊಟ್ಟು. ಮೂಲ ಯಂತ್ರದಲ್ಲಿ ಹಲವು ಚಿಪ್ಪುಗಳು ಮಾಡುತ್ತಿದ್ದ ಕೆಲಸವನ್ನೆಲ್ಲ ಆ ಬೊಟ್ಟಿನ ಕೆಳಗೆ ಒಂದೇ ಚಿಪ್ಪಿಗೆ ಇಳಿಸಿರುತ್ತಾರೆ; ಅದಕ್ಕೇ ಅಷ್ಟು ಅಗ್ಗ. ನಿಂಟೆಂಡೊ 2003ರ ಸೆಪ್ಟೆಂಬರಿನಲ್ಲಿ ಫ್ಯಾಮಿಕಾಂ ತಯಾರಿಕೆ ನಿಲ್ಲಿಸಿತು. ಅಲ್ಲಿ ಮುಗಿದು ಎರಡು ವರ್ಷವಾಗುತ್ತಾ ಬಂದಾಗ ನಮ್ಮಲ್ಲಿ ಶುರುವಾಯಿತು.

ಕ್ಯಾಸೆಟ್ಟಿನ ಮೇಲೆ 9999 ಇನ್ 1 ಎಂದು ಅಚ್ಚಾಗಿತ್ತು. ಅಷ್ಟನ್ನೂ ಆಡಿಬಿಡಬೇಕೆಂದು ನಾನು ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಲು ಕೂತೆ. ನನ್ನ ಮೊದಲ ಸೂಚಿ ಅದೇ ಇರಬೇಕು. ಐವತ್ತು ದಾಟುವ ಮುಂಚೆಯೇ ಮೋಸ ತಿಳಿಯಿತು. ಕಾಂಟ್ರಾದ ಎಂಟು ಹಂತಗಳಿಗೆ ಎಂಟು ಬೇರೆ ಹೆಸರು. ಮಾರಿಯೋ ಒಮ್ಮೆ ಮಾರಿಯೋ, ಇನ್ನೊಮ್ಮೆ ಬೇರಾವುದೋ ಹೆಸರಿನಲ್ಲಿ. ನಿಜವಾದ ಆಟಗಳು ಇಪ್ಪತ್ತರ ಆಸುಪಾಸು. ಹಸ್ತಪ್ರತಿ ಸೂಚಿಗಳಲ್ಲೂ ಒಂದೇ ಕೃತಿ ಮೂರು ಹೆಸರಿನಲ್ಲಿ ಮೂರು ಕಡೆ ನಮೂದಾಗಿರುವುದನ್ನು ಈಗ ಕಂಡಾಗಲೆಲ್ಲ ನನಗೆ ಆ ಹಳದಿ ಕ್ಯಾಸೆಟ್ಟು ನೆನಪಾಗುತ್ತದೆ. ಇನ್ನೊಂದು ಹೋಲಿಕೆಯೂ ಉಂಟು. ತಾಳೆಗರಿಯ ಲಿಪಿಕಾರ ಕೊನೆಯಲ್ಲಿ ತನ್ನ ಹೆಸರು, ಊರು ಬರೆದು ಬೆನ್ನುನೋವಿನ ಬಗ್ಗೆಯೂ ಒಂದು ಮಾತು ಸೇರಿಸುವುದುಂಟು. ಈ ಕ್ಯಾಸೆಟ್ಟುಗಳ ನಕಲುಗಾರರು ತಮ್ಮ ಹೆಸರು ಬರೆಯಲಿಲ್ಲ, ಮೂಲ ಕಂಪನಿಯ ಹೆಸರನ್ನೂ ಪರದೆಯಿಂದ ಒರೆಸಿಹಾಕಿದರು. ನಮಗೆ ಆ ಆಟಗಳು ಜಾನಪದ ಕಥೆಗಳಂತೆ, ಯಾರೂ ಬರೆಯದೇ ಬಂದವು.

ಟ್ಯಾಂಕ್ ಎಂದು ನಾವು ಕರೆದದ್ದು ನಾಮ್ಕೊ ಕಂಪನಿ 1985ರಲ್ಲಿ ಹೊರತಂದ ಬ್ಯಾಟಲ್ ಸಿಟಿ. ಅದಕ್ಕೂ ಹಿಂದಿನದು ಅವರದೇ 1980ರ ಟ್ಯಾಂಕ್ ಬೆಟಾಲಿಯನ್. ಆಡಿದವರಿಗೆ ವಿವರಿಸಬೇಕಿಲ್ಲ, ಆಡದವರಿಗಾಗಿ: ಪರದೆಯ ಕೆಳಗೆ ಇಟ್ಟಿಗೆ ಗೋಡೆಯ ನಡುವೆ ಒಂದು ಗರುಡ. ಅದನ್ನು ಕಾಯಬೇಕು. ಮೇಲಿನಿಂದ ಒಂದೊಂದಾಗಿ ಇಪ್ಪತ್ತು ಶತ್ರು ಟ್ಯಾಂಕುಗಳು ಬರುತ್ತವೆ. ಒಂದನೇ ರಿಮೋಟಿನ ಟ್ಯಾಂಕು ಹಳದಿ, ಎರಡನೆಯದು ಹಸಿರು. ಇಬ್ಬರು ಒಂದೇ ಪಕ್ಷ, ಆದರೆ ಒಬ್ಬರ ಗುಂಡು ಇನ್ನೊಬ್ಬರಿಗೆ ತಾಗಿದರೆ ತಾಗಿಸಿಕೊಂಡವರು ಕೆಲ ಹೊತ್ತು ಮರಗಟ್ಟಿ ನಿಲ್ಲುತ್ತಾರೆ. ತನ್ನದೇ ಗುಂಡು ಗರುಡನಿಗೆ ಬಿದ್ದರೂ ಆಟ ಮುಗಿಯಿತು. ಮೂವತ್ತೈದು ಹಂತಗಳು. ಅಕ್ಕ ಹಳದಿ, ನಾನು ಹಸಿರು. ಗರುಡನಿಗೆ ಗುಂಡು ಹೊಡೆದವನು ಯಾವಾಗಲೂ ನಾನೇ.

ಅದರಲ್ಲಿ ಕನ್‌ಸ್ಟ್ರಕ್ಷನ್ ಎಂಬ ಇನ್ನೊಂದು ಆಯ್ಕೆ ಇತ್ತು. ಇಟ್ಟಿಗೆ, ಉಕ್ಕು, ನೀರು, ಪೊದೆಗಳನ್ನು ಜೋಡಿಸಿ ನಮ್ಮದೇ ನಕ್ಷೆ ಮಾಡಬಹುದು. ಅಕ್ಕ ಅದರಲ್ಲಿ ನಮ್ಮೂರನ್ನು ಕಟ್ಟುತ್ತಿದ್ದಳು: ಕೆರೆ ನೀರು, ತೋಟ ಪೊದೆ, ದೇವಸ್ಥಾನ ಉಕ್ಕು, ನಮ್ಮನೆ ಇಟ್ಟಿಗೆ. ಪೆಟ್ಟಿಗೆ ಆರಿಸಿದರೆ ನಕ್ಷೆ ಅಳಿಸಿಹೋಗುತ್ತಿತ್ತು. ಆ ದಿನಗಳಲ್ಲಿ ಕರೆಂಟು ಕೇಳಿ ಹೋಗುತ್ತಿರಲಿಲ್ಲವಲ್ಲ. ಮಾರನೆಯ ದಿನ ಅವಳು ಮತ್ತೆ ಮೊದಲಿನಿಂದ ಕಟ್ಟುತ್ತಿದ್ದಳು, ಒಮ್ಮೊಮ್ಮೆ ಕೆರೆ ಸ್ವಲ್ಪ ದೊಡ್ಡದಾಗುತ್ತಿತ್ತು.

ಬ್ಯಾಟಲ್ ಸಿಟಿಯನ್ನು ನಿಂಟೆಂಡೊ ಯಂತ್ರದ ಕಾಲದಲ್ಲಿ ಅಮೆರಿಕದ ಮಾರುಕಟ್ಟೆಗೆ ಬಿಡಲೇ ಇಲ್ಲ. ನನಗೆ ಇದು ತಿಳಿದದ್ದು ಚೀಟಿಯ ಪ್ರಕರಣದ ಮೇಲೆ, ಹುಡುಕುತ್ತಾ ಕೂತಾಗ. ಅಲ್ಲಿನ ಅಂಗಡಿಯಲ್ಲಿ ಸಿಗದ ಆಟ ಅಲ್ಲಿನ ಬಾಲ್ಯದಲ್ಲಿಲ್ಲ, ಬಾಲ್ಯದಲ್ಲಿಲ್ಲದ್ದು ದೊಡ್ಡವರಾದ ಮೇಲೆ ಅವರು ಬರೆದ ಪಟ್ಟಿಗಳಲ್ಲಿಲ್ಲ. ಆ ಪಟ್ಟಿಗಳು ಇಂಗ್ಲಿಷಿನಲ್ಲಿದ್ದವು, ಆದ್ದರಿಂದ ನನಗೆ ಅವು ಜಗತ್ತಿನ ಪಟ್ಟಿಗಳಂತೆ ಕಂಡವು. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆ 2012ರಲ್ಲಿ ವಿಡಿಯೋ ಗೇಮುಗಳ ಕಲೆಯ ಬಗ್ಗೆ ಪ್ರದರ್ಶನ ಏರ್ಪಡಿಸಿದಾಗ ಸಾರ್ವಜನಿಕರ ಮತಕ್ಕೆ ಹಾಕಿತ್ತು, ನಿಜ. ಆದರೆ ಮತ ಹಾಕಬೇಕಾದದ್ದು ಮೊದಲೇ ಆರಿಸಿಟ್ಟ 240 ಆಟಗಳಿಗೆ, ಗೆದ್ದದ್ದು 80. ಮತಪತ್ರದಲ್ಲಿ ಹೆಸರು ಬರುವುದೇ ಅರ್ಧ ಗೆಲುವು ಎಂದು ಗ್ರಾಮ ಪಂಚಾಯಿತಿ ಚುನಾವಣೆ ನೋಡಿದವರಿಗೆ ಹೇಳಬೇಕಾಗಿಲ್ಲ.

ಉಳಿಸುವ ವಿಷಯದಲ್ಲೂ ಹೀಗೇ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು: 2010ಕ್ಕಿಂತ ಮುಂಚೆ ಅಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇಕಡಾ 87ರಷ್ಟು ಇವತ್ತು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಗಾಬರಿಯಾಗಬೇಕಾದ ಸಂಖ್ಯೆಯೇ. ಆದರೆ ಆ ನೂರರ ಲೆಕ್ಕ ಅಲ್ಲಿ ಬಿಡುಗಡೆಯಾದವುಗಳದ್ದು. ಹೆಸರಿಲ್ಲದ ಪೆಟ್ಟಿಗೆ, ಹಳದಿ ಕ್ಯಾಸೆಟ್ಟು, ಸುಳ್ಳು ಹೆಸರುಗಳ ಆ ಪಟ್ಟಿ ಕಳೆದುಹೋದವುಗಳ ಲೆಕ್ಕಕ್ಕೂ ಸಿಗುವುದಿಲ್ಲ. ನಮ್ಮ ಕ್ಯಾಸೆಟ್ಟನ್ನು ಯಾರು ಸೂಚಿ ಮಾಡುತ್ತಾರೆ? ನನ್ನ ನೋಟ್‌ಬುಕ್ಕಿತ್ತು, ಅದನ್ನು ಅಮ್ಮ ಹಳೆ ಪೇಪರಿನವನಿಗೆ ಹಾಕಿದರು.

ಬಂದೂಕು ಮಾತ್ರ ಮನೆಯಲ್ಲಿ ಇನ್ನೂ ಇದೆ. ಡಕ್ ಹಂಟ್ ಆಟದ್ದು. ಬಾತುಕೋಳಿ ತಪ್ಪಿದರೆ ನಾಯಿ ಹುಲ್ಲಿನಿಂದೆದ್ದು ನಗುತ್ತಿತ್ತಲ್ಲ, ಆ ಆಟ. ಬಂದೂಕಿನಿಂದ ಏನೋ ಹಾರಿ ಟಿವಿಗೆ ಬಡಿಯುತ್ತದೆ ಎಂದು ನಾವು ನಂಬಿದ್ದೆವು. ಅದು ತಿರುವುಮುರುವು. ಕುದುರೆ ಎಳೆದ ಕ್ಷಣ ಪರದೆ ಪೂರ್ತಿ ಕಪ್ಪಾಗುತ್ತದೆ, ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತದೆ. ಬಂದೂಕಿನ ಮೂತಿಯಲ್ಲಿರುವ ಬೆಳಕು ಹಿಡಿಯುವ ಕಣ್ಣು ಆ ಬಿಳಿಯನ್ನು ಕಂಡರೆ ಗುರಿ ತಾಗಿದ ಲೆಕ್ಕ. ಬಂದೂಕು ಹೊಡೆಯುವುದಿಲ್ಲ, ನೋಡುತ್ತದೆ. ಹಳೆಯ ದಪ್ಪ ಟಿವಿ ಪರದೆಯನ್ನು ತಕ್ಷಣ ಬೆಳಗಿಸುವ ಕ್ರಮಕ್ಕೆ ಹೊಂದಿಸಿದ ಲೆಕ್ಕಾಚಾರ ಅದು, ಈಗಿನ ತೆಳು ಟಿವಿಗಳಲ್ಲಿ ನಡೆಯುವುದಿಲ್ಲ. ಟಿವಿ ಗುಜರಿಗೆ ಹೋದ ದಿನವೇ ಬಂದೂಕು ಕುರುಡಾಯಿತು.

ಕೂಟಶಾಸನದ ರಾತ್ರಿ ನಾನು ಅಕ್ಕನಿಗೆ ಫೋನು ಮಾಡಿದೆ. ಅವಳೀಗ ಅರಸೀಕೆರೆಯಲ್ಲಿದ್ದಾಳೆ, ಮಗಳು ಐದನೇ ಕ್ಲಾಸು.

'ಏನೋ, ಈ ಹೊತ್ತಲ್ಲಿ? ಊಟ ಆಯ್ತಾ?'

'ಆಯ್ತಕ್ಕ. ಒಂದು ಆಟ. ನನಗೆ ಎಲ್ಲಕ್ಕಿಂತ ಇಷ್ಟವಾದ ವಿಡಿಯೋ ಗೇಮ್ ಯಾವುದು, ಹೇಳು ನೋಡೋಣ.'

'ಟ್ಯಾಂಕು' ಎಂದಳು, ಒಂದು ಕ್ಷಣವೂ ತಡಮಾಡದೆ. 'ಅದರಲ್ಲೇನು ಆಟ?'

ನಾನು ಅದನ್ನು ಏಳನೆಯದಾಗಿ ಬರೆದಿದ್ದೇನೆ ಎಂದೆ. ಏಳಾ, ಎಂದು ಸುಮ್ಮನಾದಳು. ಮತ್ತೆ ಮೊದಲನೆಯದು ಯಾವುದು ಎಂದು ಕೇಳಿದಳು. ಹೇಳಿದೆ. ಆ ಹೆಸರು ಅವಳು ಕೇಳಿರಲಿಲ್ಲ. ಮಾತು ಬದಲಿಸಲು, 'ಈಗ ನಿನ್ನದು ನಾನು ಹೇಳ್ತೀನಿ, ಟ್ಯಾಂಕು' ಎಂದೆ.

'ಅಲ್ಲ.'

'ಕಾಂಟ್ರಾ.'

'ಅಲ್ಲ. ಕಾಂಟ್ರಾ ನಿನಗೋಸ್ಕರ ಆಡ್ತಿದ್ದೆ ಕಣೋ, ಎರಡನೇ ಸ್ಟೇಜೂ ದಾಟ್ತಿರ್ಲಿಲ್ಲ ನೀನು.'

ಮಾರಿಯೋ ಅಲ್ಲ. ಬಾತುಕೋಳಿ ಅಲ್ಲ. ಸರ್ಕಸ್ ಅಲ್ಲ. ನನ್ನ ಊಹೆಗಳು ಮುಗಿದವು. ಪಕ್ಕದಲ್ಲೇ ಕೂತು ವರ್ಷಗಟ್ಟಲೆ ಆಡಿದವಳ ಚೀಟಿ ನನಗೆ ಓದಲು ಬರಲಿಲ್ಲ.

'ಕಾರು' ಎಂದಳು. 'ಕೆಂಪು ಕಾರು, ಪೆಟ್ರೋಲು ಖಾಲಿಯಾಗ್ತಾ ಇರುತ್ತಲ್ಲ, ಅದು.'

ರೋಡ್ ಫೈಟರ್. ಕೊನಾಮಿ ಕಂಪನಿಯ 1984ರ ಆಟ, ಮರುವರ್ಷ ಫ್ಯಾಮಿಕಾಂಗೆ ಬಂತು. ನನ್ನ ಹತ್ತರಲ್ಲಿ ಅದು ಇರಲೇ ಇಲ್ಲ. ಅದನ್ನು ಇಬ್ಬರು ಆಡುವಂತಿಲ್ಲ, ಒಬ್ಬರೇ ಆಡಬೇಕು. ಅಕ್ಕ ಅದನ್ನು ಆಡುವುದನ್ನು ನಾನು ನೋಡಿದ ನೆನಪೂ ಇಲ್ಲ. ಯಾವಾಗ ಆಡುತ್ತಿದ್ದೆ ಎಂದು ಕೇಳಿದೆ.

'ಪಿಯುಸಿ ಮುಗಿದ ಮೇಲೆ ಮನೇಲಿದ್ನಲ್ಲ, ಮದುವೆ ಗೊತ್ತಾಗೋವರೆಗೂ. ನೀನು ಸ್ಕೂಲಿಗೆ ಹೋಗ್ತಿದ್ದೆ. ಅಪ್ಪ ತೋಟಕ್ಕೆ, ಅಮ್ಮ ಮಧ್ಯಾಹ್ನ ಮಲಗೋರು. ಸೌಂಡು ಪೂರ್ತಿ ಕಮ್ಮಿ ಮಾಡ್ಕೊಂಡು ಆಡ್ತಿದ್ದೆ, ಕರೆಂಟಿದ್ರೆ.' ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: 'ಅದರಲ್ಲಿ ಒಬ್ಬ ಹಾರ್ಕೊಂಡು ಬರ್ತಾನೆ, ನೋಡಿದೀಯಾ?'

'ಯಾರು?'

'ಸೂಪರ್‌ಮ್ಯಾನ್ ಥರದೋನು. ರಸ್ತೆ ಪಕ್ಕದಲ್ಲಿ ಮೇಲಕ್ಕೆ ಹಾರ್ಕೊಂಡು ಹೋಗ್ತಾನೆ. ಪಾಯಿಂಟ್ ಕೊಡ್ತಾನೆ. ನಿನಗೆ ಹೇಳಿದ್ದೆ ಆಗಲೇ, ನೀನು ನಂಬಲಿಲ್ಲ, ಸುಳ್ಳು ಅಂದೆ.'

ನನಗೆ ಅದೂ ನೆನಪಿಲ್ಲ. ಫೋನಿಟ್ಟ ಮೇಲೆ ಹುಡುಕಿದೆ. ಅವನ ಹೆಸರು ಕೊನಾಮಿ ಮ್ಯಾನ್. ಕೊನಾಮಿಯವರು ತಮ್ಮ ಹಲವು ಆಟಗಳಲ್ಲಿ ಅಡಗಿಸಿಟ್ಟ ಪುಟ್ಟ ವೀರ. ರೋಡ್ ಫೈಟರಿನಲ್ಲಿ ಅವನು ಎಲ್ಲರಿಗೂ ಕಾಣಿಸುವುದಿಲ್ಲ. ಬಹಳ ದೂರದವರೆಗೆ ಯಾವ ಕಾರಿಗೂ, ಯಾವ ಅಂಚಿಗೂ ಢಿಕ್ಕಿ ಹೊಡೆಯದೆ ಓಡಿಸಿದರೆ ಮಾತ್ರ ಬಂದು ಹೋಗುತ್ತಾನೆ. ನಕಲುಗಾರರು ಪರದೆಯಿಂದ ಕಂಪನಿಯ ಹೆಸರು ಒರೆಸಿದ್ದರೂ ಅವನು ಒಳಗೇ ಉಳಿದುಬಿಟ್ಟಿದ್ದ, ಮತ್ತು ತಿಪಟೂರಿನ ಹತ್ತಿರದ ಒಂದು ಮನೆಯಲ್ಲಿ ಮಧ್ಯಾಹ್ನದ ಹೊತ್ತು ಒಬ್ಬಳಿಗೆ ಕಾಣಿಸಿಕೊಂಡಿದ್ದ.

ಅವತ್ತಿನಿಂದ ಲ್ಯಾಪ್‌ಟಾಪಿನಲ್ಲಿ ರೋಡ್ ಫೈಟರ್ ಹಾಕಿಕೊಂಡು ಕೂರುತ್ತಿದ್ದೇನೆ, ರಾತ್ರಿ ಊಟವಾದ ಮೇಲೆ. ಹಳದಿ ಕಾರುಗಳು ಸುಮ್ಮನೆ ಹೋಗುತ್ತವೆ, ನೀಲಿ ಕಾರು ಇದ್ದಕ್ಕಿದ್ದಂತೆ ಅಡ್ಡ ಬರುತ್ತದೆ, ಲಾರಿಗೆ ತಾಗಿದರೆ ಮುಗಿಯಿತು. ಮೊನ್ನೆ ಒಮ್ಮೆ ತುಂಬ ದೂರ ಹೋಗಿದ್ದೆ. ಕೊನೆಗೆ ಎಣ್ಣೆ ಚೆಲ್ಲಿದ ಜಾಗದಲ್ಲಿ ಜಾರಿ ಅಂಚಿಗೆ ಬಡಿದೆ. ಅವನು ಇನ್ನೂ ಬಂದಿಲ್ಲ. ಅಕ್ಕ ಆಗಾಗ ವಾಟ್ಸ್ಯಾಪಿನಲ್ಲಿ ಕೇಳುತ್ತಾಳೆ: ಬಂದನಾ?